ಕಲಬುರಗಿ–ಬೀದರ್ ವಿಮಾನ ನಿಲ್ದಾಣ: ದೂರ, ಹೊತ್ತು ಲೆಕ್ಕ ಹಾಕುವುದು ಹೇಗೆ?

ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಎಂದು ಹುಡುಕಿದರೆ ಸಿಗುವ ಅಂಕಿ ಸಾಮಾನ್ಯವಾಗಿ ಆಕಾಶಮಾರ್ಗದ್ದು. ಅದನ್ನೇ ನಂಬಿ ಕಾರು ಹತ್ತಿದವರು ವಿಮಾನ ತಪ್ಪಿಸಿಕೊಳ್ಳುತ್ತಾರೆ. ಎರಡೂ ಲೆಕ್ಕ ಬೇರೆಬೇರೆ ಮಾಡಬೇಕು.

ಮೊದಲು ಆಕಾಶದ್ದು. ಕಲಬುರಗಿ ನಿಲ್ದಾಣ ಸುಮಾರು 17.31 ಡಿಗ್ರಿ ಅಕ್ಷಾಂಶ, 76.96 ಡಿಗ್ರಿ ರೇಖಾಂಶದಲ್ಲಿದೆ; ಬೀದರಿನದು 17.91, 77.49. ಅಕ್ಷಾಂಶದ ವ್ಯತ್ಯಾಸ 0.60; ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ (ಒಂದು ನಾಟಿಕಲ್ ಮೈಲಿ 1.852 ಕಿ.ಮೀ.), ಹಾಗಾಗಿ 60ರಿಂದ ಗುಣಿಸಿದರೆ 36 ನಾಟಿಕಲ್ ಮೈಲಿ. ರೇಖಾಂಶದ ವ್ಯತ್ಯಾಸ 0.53, 60ರಿಂದ ಗುಣಿಸಿ 31.8. ಧ್ರುವದ ಕಡೆ ಹೋದಂತೆ ರೇಖಾಂಶಗಳು ಒತ್ತಾಗುವುದರಿಂದ ಇದನ್ನು ನಮ್ಮ ಅಕ್ಷಾಂಶದ ಕೊಸೈನ್, ಅಂದರೆ 0.953ರಿಂದ ಮತ್ತೆ ಗುಣಿಸಬೇಕು: 30.3. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 47 ನಾಟಿಕಲ್ ಮೈಲಿ. 1.852ರಿಂದ ಗುಣಿಸಿ: 87 ಕಿ.ಮೀ. ಇಷ್ಟು ಹತ್ತಿರದ ಊರುಗಳಿಗೆ ಭೂಮಿಯ ದುಂಡುತನವನ್ನು ಇದಕ್ಕಿಂತ ಹೆಚ್ಚು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಕೊಸೈನ್ ಮರೆತರೆ 89 ಬರುತ್ತದೆ, ದೊಡ್ಡ ನಷ್ಟವಿಲ್ಲ. 17.31 ಅನ್ನು 17 ಡಿಗ್ರಿ 31 ನಿಮಿಷ ಎಂದು ಓದಿದರೆ ಮಾತ್ರ ಲೆಕ್ಕ ಪೂರಾ ಕೆಡುತ್ತದೆ; ಡಿಗ್ರಿಗೆ 60 ನಿಮಿಷ, ಹಾಗಾಗಿ 0.31 ಡಿಗ್ರಿ ಎಂದರೆ 18.6 ನಿಮಿಷ.

ಗಂಟೆಗೆ 500 ಕಿ.ಮೀ. ಹಾರುವ ಎಟಿಆರ್‌ಗೆ (ಸಣ್ಣ ಪ್ರೊಪೆಲ್ಲರ್ ವಿಮಾನ) 87 ಕಿ.ಮೀ. ಹತ್ತೇ ನಿಮಿಷದ ದಾರಿ. ರನ್‌ವೇವರೆಗಿನ ಓಟ, ಏರುವುದು, ಇಳಿಯುವುದು ಎಂದು ಅರ್ಧ ಗಂಟೆ ಸೇರಿಸಿ, ಒಟ್ಟು 40 ನಿಮಿಷ. ಇದು ಕಾಗದದ ಮೇಲಿನ ಮಾತು, ಏಕೆಂದರೆ ಇವೆರಡರ ನಡುವೆ ನೇರ ವಿಮಾನವಿಲ್ಲ. ಟಿಕೆಟ್ ಆ್ಯಪ್ ಬೆಂಗಳೂರಿನ ಮೇಲಿಂದ ದಾರಿ ತೋರಿಸಿದರೆ ಕಲಬುರಗಿಯಿಂದ 464, ಅಲ್ಲಿಂದ ಬೀದರಿಗೆ 524, ಒಟ್ಟು 988 ಕಿ.ಮೀ. ಹಾರಿದಂತಾಯಿತು. ಪಕ್ಕದ ಜಿಲ್ಲೆಗೆ ಹೋಗಲು ಯಾರೂ ಹೀಗೆ ಮಾಡಬಾರದು.

ರಸ್ತೆಯೇ ಸರಿ. ನೇರ ದೂರವನ್ನು 1.3ರಿಂದ ಗುಣಿಸಿದರೆ ರಸ್ತೆ ದೂರ ಬರುತ್ತದೆ ಎಂಬ ರೂಢಿಯ ಲೆಕ್ಕ ಇಲ್ಲಿ ಕೈಕೊಡುತ್ತದೆ. ಕಲಬುರಗಿ ನಿಲ್ದಾಣ ಇರುವುದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ, ಊರಿನ ಪೂರ್ವಕ್ಕೆ. ಅಲ್ಲಿಂದ ಹತ್ತು–ಹದಿನಾಲ್ಕು ಕಿ.ಮೀ. ಹಿಂದಕ್ಕೆ ಬಂದು ಹುಮನಾಬಾದ್ ರಸ್ತೆ ಹಿಡಿಯಬೇಕು. ಮುಂದೆ ರಾಷ್ಟ್ರೀಯ ಹೆದ್ದಾರಿ 50: ಕಮಲಾಪುರ (ಕೆಂಪು ಬಾಳೆಹಣ್ಣಿನ ಊರು, ಸಿಕ್ಕರೆ ಬಿಡಬೇಡಿ), ಹುಮನಾಬಾದ್, ಬೀದರ್. ಎಲ್ಲ ಸೇರಿ ಸುಮಾರು 130 ಕಿ.ಮೀ. ಸರಾಸರಿ ಗಂಟೆಗೆ 50ರಂತೆ ಎರಡೂವರೆ ಗಂಟೆಗಿಂತ ತುಸು ಹೆಚ್ಚು. ಮೂರು ಗಂಟೆ ಹಿಡಿಯಿರಿ. ಹುಮನಾಬಾದಿನಲ್ಲಿ ಹೈದರಾಬಾದ್–ಪುಣೆ ಹೆದ್ದಾರಿ ಅಡ್ಡ ಹಾಯುತ್ತದೆ, ಲಾರಿ ಸಾಲು ಹೊತ್ತು ತಿನ್ನುತ್ತದೆ. ಕಬ್ಬು ಕಟಾವಿನ ದಿನಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಬಿದ್ದರೆ ಇನ್ನರ್ಧ ಗಂಟೆ. ಮ್ಯಾಪ್ ಚಿಂಚೋಳಿ ಕಡೆಯ ದಾರಿ ತೋರಿಸಿದರೂ ರಾತ್ರಿ, ಮಳೆಯಲ್ಲಿ ಹೆದ್ದಾರಿಯೇ ವಾಸಿ.

2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗ 110 ಕಿ.ಮೀ. ಅಗ್ಗ ನಿಜ, ಆದರೆ ಎರಡೂ ತುದಿಯಲ್ಲಿ ಆಟೊ ಖರ್ಚು, ಹೊತ್ತು ಕೂಡಿಸಿಕೊಳ್ಳಬೇಕು.

ಬೀದರಿನಿಂದ ಹಾರುವವರು ವಿಮಾನಕ್ಕೆ ಎರಡು ಗಂಟೆ ಮುಂಚೆ ತಲುಪುವಂತೆ, ಅಂದರೆ ಐದು ಗಂಟೆ ಮೊದಲೇ ಕಲಬುರಗಿ ಬಿಡಿ. ಬೀದರಿನ ರನ್‌ವೇ ವಾಯುಪಡೆಯ ನೆಲೆಯದ್ದು. ಗುರುತಿನ ಚೀಟಿ ಕೈಗೆ ಸಿಗುವಂತಿರಲಿ, ಮೊಬೈಲ್ ಕ್ಯಾಮೆರಾ ಜೇಬಿನಲ್ಲೇ ಇರಲಿ.