ಮಳೆಗಾಲಕ್ಕೆ ಮಾರುವ ಕಟ್ಟಿಗೆ ಜನವರಿಯೊಳಗೇ ಸೀಳಿಡಿ

ಶಿರಸಿ ಕಡೆ ಕಟ್ಟಿಗೆ ಮಾರುವವರಿಗೆ ಒಂದು ಮಾತು. ಏಪ್ರಿಲ್‌ನಲ್ಲಿ ಕಡಿದು ಮೇ ತಿಂಗಳಲ್ಲಿ ಮಾರುವ ಅಭ್ಯಾಸ ಬಿಡಿ. ಹಾಗೆ ಮಾಡಿ ನಾನೇ ಒಮ್ಮೆ ಅರ್ಧ ಲೋಡ್ ವಾಪಸ್ ತಂದಿದ್ದೇನೆ. ಗಿರಾಕಿಯ ಬಚ್ಚಲೊಲೆ ತುಂಬ ಹೊಗೆ, ತುಂಡಿನ ತುದಿಯಲ್ಲಿ ನೊರೆ. ಆ ಮನೆಯ ಅಜ್ಜಿಯ ಬೈಗುಳ ಬೇರೆ!

ಹಸಿ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ. ಅದು ಶೇ. 20ರ ಹತ್ತಿರ ಇಳಿಯಬೇಕು. ತೊಗಟೆ ಸಮೇತ ದಿಮ್ಮಿ ಹಾಗೇ ಬಿಟ್ಟರೆ ಒಳಗೆ ಒಣಗುವುದು ತುಂಬ ನಿಧಾನ. ಅಕೇಶಿಯಾ ಇರಲಿ, ಗಾಳಿ ಮರ (ಕ್ಯಾಸುರಿನಾ) ಇರಲಿ, ಜನವರಿಯೊಳಗೆ ಒಂದೂವರೆ ಅಡಿ ತುಂಡು ಮಾಡಿ ಸೀಳಿಬಿಡಿ. ಗಾಳಿ ಮರವಂತೂ ಒಣಗಿದ ಮೇಲೆ ಕೊಡಲಿಗೆ ಬಗ್ಗುವುದಿಲ್ಲ. (ಕಡಿಯುವ, ಸಾಗಿಸುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ.)

ನೆಲಕ್ಕೆ ಎರಡು ಸಾಲು ಚಿರೆಕಲ್ಲು, ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆ, ಆಮೇಲೆ ಕಟ್ಟಿಗೆ ಒಟ್ಟಿ. ನೆಲಕ್ಕೆ ತಾಗಿದರೆ ಒರಲೆ (ಗೆದ್ದಲು) ಬಂತೇ ಅಂತ ತಿಳಿಯಿರಿ. ತಗಡನ್ನು ರಾಶಿಯ ಮೇಲ್ಗಡೆ ಮಾತ್ರ ಹೊದಿಸಿದರೆ ಸಾಕು. ಸುತ್ತಲೂ ತಾಡಪಾಲು ಬಿಗಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಕುಮಟಾ, ಕಾರವಾರದ ಕಡೆ ಗಾಳಿಯಲ್ಲೇ ತೇವ ಜಾಸ್ತಿ ಅಲ್ವಾ, ಅಲ್ಲಿ ಸಾಲುಗಳ ನಡುವೆ ಒಂದು ಗೇಣು ಜಾಗ ಬಿಡಿ.

ಒಣಗಿದೆಯಾ ನೋಡಲು ಎರಡು ತುಂಡು ಬಡಿಯಿರಿ. ‘ಟಣ್’ ಅಂದರೆ ಸರಿ, ‘ದಪ್’ ಅಂದರೆ ಇನ್ನೂ ಹಸಿ. ತೂಕಕ್ಕೆ ಮಾರುವವರಿಗೆ ಒಣಗಿಸಿದರೆ ನಷ್ಟ ಅನ್ನಿಸಬಹುದು. ದರ ಸ್ವಲ್ಪ ಏರಿಸಿ, ಗಿರಾಕಿಯ ಎದುರೇ ಬಡಿದು ತೋರಿಸಿ.