ಹುಳಿಮಣ್ಣಿಗೆ ಸುಣ್ಣ ಹಾಕಿದ ಮೇಲೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮದು ಒಂದೂವರೆ ಎಕರೆ ಅಡಿಕೆ ತೋಟ. ಗೊಬ್ಬರದ ಚೀಲ ವರ್ಷದಿಂದ ವರ್ಷಕ್ಕೆ ಜಾಸ್ತಿಯಾಗುತ್ತಿತ್ತು, ಸೋಗೆ ಮಾತ್ರ ಸಣ್ಣಗಾಗುತ್ತಿತ್ತು. ಕೊನೆಗೆ ಮಣ್ಣು ಪರೀಕ್ಷೆ ಮಾಡಿಸಿದೆ. ರಸಸಾರ, ಅಂದರೆ ಮಣ್ಣಿನ ಹುಳಿ ಹೇಳುವ ಪಿಎಚ್ ಅಂಕಿ, 4.9. ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ರಂಜಕವೂ (ಫಾಸ್ಫರಸ್) ಕಡಿಮೆ. ಹಾಗಾದರೆ ನಾನು ಸುರಿದದ್ದೆಲ್ಲ ಎಲ್ಲಿ ಹೋಯಿತು?

ಎಲ್ಲಿಗೂ ಹೋಗಿರಲಿಲ್ಲ, ಬಹುಪಾಲು ಅಲ್ಲೇ ಇತ್ತು. ನಮ್ಮ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಎಲ್ಲ ತೊಳೆದುಬಿಡುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ. ಹುಳಿ ಮಣ್ಣಿನಲ್ಲಿ ಇವೆರಡೂ ರಂಜಕವನ್ನು ಹಿಡಿದು ಕೂರುತ್ತವೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ರಸಸಾರ ಆರರ ಹತ್ತಿರ ಇದ್ದರೆ ಒಳ್ಳೆಯದು, ಅದಕ್ಕಿಂತ ಒಂದೇ ಅಂಕಿ ಕಡಿಮೆ ಅಲ್ವಾ ಎಂದುಕೊಂಡಿದ್ದೆ. ಆದರೆ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ನಾನು ಹಾಕುತ್ತಿದ್ದ ಯೂರಿಯಾವೂ ಹುಳಿ ಏರಿಸುವುದೇ.

ಹುಳಿ ಇಳಿಸಲು ಸುಣ್ಣ ಹಾಕಬೇಕು. ಅದರಲ್ಲೂ ಮೊದಲ ವರ್ಷ ಎಡವಟ್ಟು ಮಾಡಿದೆ. ಆಳು ಸಿಗುವುದೇ ಕಷ್ಟ, ಒಂದೇ ದಿನ ಮುಗಿಯಲಿ ಎಂದು ಸುಣ್ಣದ ಪುಡಿಯನ್ನೂ ಹಸಿ ಕೊಟ್ಟಿಗೆ ಗೊಬ್ಬರವನ್ನೂ ಒಟ್ಟಿಗೆ ಬುಡಕ್ಕೆ ಹಾಕಿಸಿದೆ. ತೋಟವೆಲ್ಲ ಗಂಜಲದ ಘಾಟು. ಸುಣ್ಣ ತಾಗಿ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಯಿತು. "ಎಂತ ಮಾರಾಯ, ತೋಟಕ್ಕೂ ಸುಣ್ಣ ಬಳಿತೀಯಾ?" ಎಂದು ಪಕ್ಕದ ತೋಟದ ಭಾವ ನಕ್ಕರು. ಮುಂದಿನ ಸಲ ಮೇ ತಿಂಗಳ ಮಳೆ ಬಿದ್ದ ಮೇಲೆ ಮರಕ್ಕೆ ಅರ್ಧ ಕೆಜಿಯಂತೆ ಡಾಲಮೈಟ್ ಹಾಕಿದೆ. ಅದೂ ಸುಣ್ಣದಂಥದ್ದೇ ಕಲ್ಲಿನ ಪುಡಿ, ಮೆಗ್ನೀಷಿಯಂ ಕೂಡ ಸಿಗುತ್ತದೆ ಎಂದು. ಗೊಬ್ಬರ ಹಾಕಿದ್ದು ತಿಂಗಳು ಕಳೆದು.

ಮೊದಲು ಕಂಡ ಬದಲಾವಣೆ ಮರದಲ್ಲಲ್ಲ, ದರಗಿನಲ್ಲಿ. ಹಿಂದೆ ಹೋದ ವರ್ಷ ಹಾಸಿದ ಸೊಪ್ಪು ಈ ವರ್ಷವೂ ಹಾಗೇ ಇರುತ್ತಿತ್ತು. ಹುಳಿ ಜಾಸ್ತಿಯಾದರೆ ಬ್ಯಾಕ್ಟೀರಿಯಾಗಳು ಮಂಕಾಗುತ್ತವೆ, ಸೊಪ್ಪಿನೊಳಗಿನ ಸಾರಜನಕ ಅಲ್ಲೇ ಉಳಿಯುತ್ತದೆ. ಈಗ ಕೆದಕಿದರೆ ಕಪ್ಪು ಪುಡಿ, ಎರೆಹುಳು. ಬಿಳಿ ನೂಲಿನಂಥ ಶಿಲೀಂಧ್ರವೂ ಇದೆ. ಅದು ಎಲೆ ಕೊಳೆಸುವಂಥದ್ದು. ಬೇರಿನೊಳಗೆ ಸೇರಿಕೊಂಡು ದೂರದ ರಂಜಕ ತಂದುಕೊಡುವ ಶಿಲೀಂಧ್ರ ಬೇರೆ, ಬರಿಗಣ್ಣಿಗೆ ಕಾಣುವುದಿಲ್ಲ. ಅಗೆದರೆ ಅದರ ಎಳೆ ಕಡಿಯುತ್ತದೆ ಎಂದು ಬುಡ ಅಗೆಸುವುದನ್ನು ಬಿಟ್ಟೆ. ಕೂಲಿಯೂ ಉಳಿಯಿತು!

ಮೂರನೇ ವರ್ಷ ರಸಸಾರ 5.6. ರಂಜಕದ ಗೊಬ್ಬರ ಅರ್ಧಕ್ಕೆ ಇಳಿಸಿದ್ದೇನೆ, ಸೋಗೆ ಹಸಿರಾಗಿದೆ. ಕೆಳಗಿನ ಎರಡು ಸಾಲು ಮಾತ್ರ ಇನ್ನೂ ಹಳದಿ. ಅಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಗಾಳಿಯಾಡದ ಮಣ್ಣಿಗೆ ಸುಣ್ಣ ಹಾಕಿ ಏನು ಮಾಡುವುದು? ಈ ಬೇಸಿಗೆಯಲ್ಲಿ ಅಲ್ಲಿನ ಬಸಿಗಾಲುವೆ ಇನ್ನೊಂದು ಅಡಿ ಇಳಿಸಬೇಕು.