ಪದ್ಮಿನಿಯ ನಡುಕ ಅಡಗಿದ್ದು ಎಲ್ಲಿ

ಸೋದರಮಾವನ 1979ರ ಪ್ರೀಮಿಯರ್ ಪದ್ಮಿನಿ ಕಾರು ಮತ್ತೆ ರಸ್ತೆಗಿಳಿಯಲು ಎರಡು ವರ್ಷ ಹಿಡಿಯಿತು. 1089 ಸಿಸಿ ಇಂಜಿನ್ ಬೋರ್ ಮಾಡಿಸಿದೆ. ಪಿಸ್ಟನ್, ಬೇರಿಂಗ್, ಕ್ಲಚ್ ಎಲ್ಲ ಹೊಸದು. ಐಡ್ಲಿಂಗಿನಲ್ಲಿ ಚೂರೂ ಅಲುಗಾಟವಿಲ್ಲ. ಆದರೆ ಟಾಪ್ ಗಿಯರಿನಲ್ಲಿ 60 ದಾಟಿದರೆ ಸ್ಟಿಯರಿಂಗ್ ಪಕ್ಕದ ಗಿಯರ್ ರಾಡು ಜುಮ್ಮೆನ್ನುತ್ತಿತ್ತು. ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು.

"ಹಳೇ ಗಾಡಿ ಸಾರ್, ನಡುಗತ್ತೆ" ಅಂದರು ಎಲ್ಲರೂ. ಮಾವ ಒಪ್ಪಲಿಲ್ಲ. "ನಾನು ಓಡಿಸ್ತಿದ್ದಾಗ ಹೀಗಿರ್ಲಿಲ್ಲ ಕಣೋ."

ಮೊದಲು ನಾನು ಮಾಡಿದ್ದು ದಡ್ಡತನ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಹೊಸ ಇಂಜಿನ್ ಮೌಂಟಿಂಗ್ (ಇಂಜಿನ್ ಕೂರುವ ರಬ್ಬರ್ ಮೆತ್ತೆ) ತಂದು ಹಾಕಿಸಿದೆ. ನಡುಕ ಹಾಗೇ ಇತ್ತು, ದುಡ್ಡು ಹೋಯಿತು. ಆಮೇಲೆ ಕೂತು ಯೋಚಿಸಿದೆ.

ಮೂರನೇ ಗಿಯರಿನಲ್ಲಿ ಅದೇ ನಡುಕ 40ರ ಸುಮಾರಿಗೇ ಬರುತ್ತಿತ್ತು. ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೂ ಬರುತ್ತಿತ್ತು. ಅಂದರೆ ಚಕ್ರದ್ದೂ ಅಲ್ಲ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನದೂ ಅಲ್ಲ. ಪ್ಲಗ್ ವೈರ್ ಒಂದೊಂದಾಗಿ ಕಿತ್ತು ನೋಡಿದೆ. ಪ್ರತಿ ಸಲವೂ ಇಂಜಿನ್ ಒಂದೇ ಸಮ ಕುಗ್ಗಿತು, ಹಾಗಾಗಿ ಮಿಸ್ಸಿಂಗ್ ಇಲ್ಲ, ಎಲ್ಲ ಸಿಲಿಂಡರೂ ಕೆಲಸ ಮಾಡುತ್ತಿವೆ. ಫ್ಯಾನ್ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸಿದೆ. ಡೈನಮೋ, ವಾಟರ್ ಪಂಪ್ ಎರಡೂ ನಿಂತವು. ನಡುಕ ನಿಲ್ಲಲಿಲ್ಲ.

ಕೊನೆಗೆ ನ್ಯೂಟ್ರಲ್‌ನಲ್ಲೇ ರೇಸ್ ಮಾಡುತ್ತಾ ಕ್ಲಚ್ ಒತ್ತಿದೆ. ಕ್ಲಚ್ ಒತ್ತಿದಾಗ ಕ್ಲಚ್ ಪ್ಲೇಟೂ ಗಿಯರ್ ಬಾಕ್ಸಿನ ಶಾಫ್ಟೂ ಇಂಜಿನ್‌ನಿಂದ ಬಿಡಿಸಿಕೊಳ್ಳುತ್ತವೆ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್ ಮಾತ್ರ ಇಂಜಿನ್ ತುದಿಯ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲಿಗೆ, ಬೋಲ್ಟಾಗಿ ಅದರ ಜೊತೆಗೇ ತಿರುಗುತ್ತಿರುತ್ತದೆ. ನಡುಕ ಒಂಚೂರೂ ಬದಲಾಗಲಿಲ್ಲ. ತಿರುಗುವ ಭಾಗಗಳಲ್ಲಿ ಮುಖ್ಯವಾಗಿ ಉಳಿದಿದ್ದು ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್, ಫ್ಲೈವೀಲ್, ಪ್ರೆಶರ್ ಪ್ಲೇಟ್, ಇವು ಮೂರೇ.

ಆಗ ನೆನಪಾಯಿತು. ಹಳೇ ಪ್ರೆಶರ್ ಪ್ಲೇಟಿನ ಅಂಚಿನಲ್ಲಿ ಡ್ರಿಲ್ ಹೊಡೆದ ಎರಡು ಗುಳಿಗಳಿದ್ದವು. ಯಾವ ಕಾಲದಲ್ಲೋ ಯಾರೋ ಫ್ಲೈವೀಲಿನ ಜೊತೆಗಿಟ್ಟು ತೂಕ ಬ್ಯಾಲೆನ್ಸ್ ಮಾಡಿದ್ದ ಗುರುತು. ಅದನ್ನು ಗುಜರಿಗೆ ಹಾಕಿ ಹೊಸದು ಕೂರಿಸಿದವನು ನಾನೇ!

ಗಿಯರ್ ಬಾಕ್ಸ್ ಇಳಿಸಿದೆವು. ಪ್ರೆಶರ್ ಪ್ಲೇಟ್ ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿದೆವು. ಕ್ಲಚ್ ಪ್ಲೇಟನ್ನು ನಡುವಿಗೆ ಕೂರಿಸಲು ಒಂದು ಹಳೇ ಗಿಯರ್ ಬಾಕ್ಸ್ ಶಾಫ್ಟ್ ಬಳಸಿದೆವು. ನಡುಕ ಕಣ್ಣಿಗೆ ಕಾಣುವಷ್ಟು ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ಕಳ್ಳ ಸಿಕ್ಕಿದ್ದ. ಮತ್ತೆ ಎಲ್ಲ ಇಳಿಸಿ, ಫ್ಲೈವೀಲನ್ನೂ ಪ್ರೆಶರ್ ಪ್ಲೇಟನ್ನೂ ಒಟ್ಟಿಗೆ ಬ್ಯಾಲೆನ್ಸಿಂಗ್‌ಗೆ ಕೊಟ್ಟೆ. ಎರಡರ ಮೇಲೂ ಪಂಚ್ ಗುರುತು ಹಾಕಿಸಿಕೊಂಡೆ, ಮುಂದೆ ಬಿಚ್ಚಿದವರು ಅದೇ ಜಾಗಕ್ಕೆ ಕೂರಿಸಲಿ ಅಂತ.

ತೂಕದಲ್ಲಿ ಇದ್ದ ವ್ಯತ್ಯಾಸ ಹದಿನೆಂಟು ಗ್ರಾಂ. ಅಷ್ಟಕ್ಕೆ ಇಷ್ಟು ರಂಪಾನಾ ಅನ್ನಿಸಬಹುದು. ಲೆಕ್ಕ ಹಾಕಿ: ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿ 20 ಗ್ರಾಂ ಜಾಸ್ತಿ ಇದ್ದರೆ, 3000 ಆರ್‌ಪಿಎಂನಲ್ಲಿ ಅದು ಸುಮಾರು 20 ಕೆ.ಜಿ. ಭಾರದಷ್ಟು ಜೋರಾಗಿ ಎಳೆಯುತ್ತದೆ. ವೇಗ ಅರ್ಧವಾದರೆ ಎಳೆತ ಕಾಲು ಭಾಗಕ್ಕೆ ಇಳಿದು 5 ಕೆ.ಜಿ. ಆಗುತ್ತದೆ. ಐಡ್ಲಿಂಗಿನಲ್ಲಿ ಗೊತ್ತೇ ಆಗದ್ದು ಇದಕ್ಕೇ.

ಈಗಲೂ 80ರ ಹತ್ತಿರ ಸಣ್ಣ ಗುಂಯ್ ಅನ್ನುತ್ತದೆ. ಸಾಲಾಗಿ ನಿಂತ ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಅದು ಹುಟ್ಟುಗುಣ, ಸುಮ್ನೆ ಬಿಟ್ಟಿದ್ದೇನೆ. ಮಾವನನ್ನು ಕೂರಿಸಿಕೊಂಡು ರಾಮನಗರದವರೆಗೆ ಹೋಗಿ ಬಂದೆ. ಬಿಡದಿ ದಾಟುವವರೆಗೆ ಮಾತೇ ಇಲ್ಲ. ಆಮೇಲೆ ಕಿವಿ ವಾಲಿಸಿ ಹೇಳಿದರು, "ಎಡಗಡೆ ಬಾಗಿಲ ಗಾಜು ಗಡಗಡ ಅಂತಿದೆ ನೋಡೋ."